ಫ್ಯಾಂಟಸಿ ಸರಣಿ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆ

ನಮ್ಮ ಓದುವ ಬಳಗದ ಗೆಳೆಯರೊಬ್ಬರು ಕೇಳಿದ್ದಾರೆ: "ಚಿಕ್ಕಂದಿನಲ್ಲಿ ಚಂದಮಾಮ ಓದಿದ್ದೆ. ಕಾಲೇಜಿಗೆ ಬಂದ ಮೇಲೆ ಹ್ಯಾರಿ ಪಾಟರ್ ಏಳೂ ಭಾಗ ಮುಗಿಸಿದೆ. ಆಮೇಲೆ ಲಾರ್ಡ್ ಆಫ್ ದಿ ರಿಂಗ್ಸ್ ಹಿಡಿದವನು ನೂರು ಪುಟಕ್ಕೇ ನಿಂತುಬಿಟ್ಟೆ. ಕನ್ನಡ ಮೀಡಿಯಂನಲ್ಲಿ ಓದಿದವನು, ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ಯಾವ ಫ್ಯಾಂಟಸಿ ಸರಣಿ ಶುರು ಮಾಡಲಿ? ಮಗಳಿಗೆ ಹತ್ತು ವರ್ಷ, ಅವಳಿಗೂ ಒಂದು ಹೇಳಿ."

ಬಳಗದವರ ಅನುಭವವನ್ನೂ ಸೇರಿಸಿ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಈ ಪುಸ್ತಕಗಳೆಂದರೆ ನನಗೆ ತುಂಬ ಪ್ರೀತಿ.

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಎಲ್ಲರೂ ತಮಗೆ ಇಷ್ಟವಾದ ಅತಿ ದೊಡ್ಡ ಸರಣಿಯ ಹೆಸರು ಹೇಳುತ್ತಾರೆ. ಹದಿನಾಲ್ಕು ಸಂಪುಟ, ಒಂದೊಂದೂ ಏಳೆಂಟುನೂರು ಪುಟ. ನಿಧಾನವಾಗಿ ಓದುವವರಿಗೆ ಅದನ್ನು ಕೊಟ್ಟರೆ ಹೇಗೆ? ಹೊಸಬರಿಗೆ ಹೇಳುವಾಗ ನಾನು ಒಂದೇ ವಿಷಯ ನೋಡುತ್ತೇನೆ. ಮೊದಲ ಪುಸ್ತಕವೊಂದನ್ನೇ ಓದಿ ಅಲ್ಲಿಗೇ ನಿಲ್ಲಿಸಿದರೂ ಒಂದು ಪೂರ್ತಿ ಕಥೆ ಓದಿದ ಹಾಗಿರಬೇಕು. ಮುಂದಿನದನ್ನು ಓದುವುದು ಆಸೆಯಿಂದ ಆಗಬೇಕು, ಅರ್ಧಕ್ಕೆ ನಿಂತಿದೆಯಲ್ಲ ಎಂಬ ಒತ್ತಾಯದಿಂದ ಅಲ್ಲ. ಹೀಗೆ ನೋಡಿದರೆ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಅದರಲ್ಲಿ ನನ್ನ ಮೊದಲ ಆಯ್ಕೆ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಬರೆದ ಅರ್ಥ್‌ಸೀ ಸರಣಿ. ಮೊದಲ ಪುಸ್ತಕ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಬಂದದ್ದು 1968ರಲ್ಲಿ. ಸುಮಾರು ಇನ್ನೂರು ಪುಟ, ಅಷ್ಟೇ. ನೂರಾರು ದ್ವೀಪಗಳ ಒಂದು ಲೋಕ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ ತಾಯಿಯಿಲ್ಲದ ಹುಡುಗ ಗೆಡ್. ಶತ್ರುಗಳು ಊರಿಗೆ ನುಗ್ಗಿದಾಗ ಇವನು ಮಂಜು ಕವಿಸಿ ಊರನ್ನೇ ಮರೆಮಾಡುತ್ತಾನೆ. ಆಮೇಲೆ ಓಗಿಯನ್ ಎಂಬ ಮಾತು ಕಡಿಮೆಯ ಗುರುವಿನ ಹತ್ತಿರ ಇರುತ್ತಾನೆ. ಗುರುವಿನ ನಿಧಾನ ಸಹಿಸಲಾಗದೆ ರೋಕ್ ದ್ವೀಪದ ಮಾಂತ್ರಿಕ ಶಾಲೆಗೆ ಹೋಗುತ್ತಾನೆ. ಅಲ್ಲಿ ಇನ್ನೊಬ್ಬ ಹುಡುಗನ ಮೇಲಿನ ಹಟಕ್ಕೆ ಮಾಡಬಾರದ ಮಂತ್ರ ಮಾಡುತ್ತಾನೆ. ಒಂದು ನೆರಳು ಈ ಲೋಕಕ್ಕೆ ಬಂದುಬಿಡುತ್ತದೆ. ಉಳಿದ ಕಥೆಯೆಲ್ಲ ಆ ನೆರಳು ಮತ್ತು ಇವನ ನಡುವಿನದು. ಹ್ಯಾರಿ ಪಾಟರ್ ಬರುವುದಕ್ಕೆ ಮೂರು ದಶಕ ಮೊದಲೇ ಬಂದ ಮಾಂತ್ರಿಕ ಶಾಲೆ ಇದು. ಆದರೆ ಶಾಲೆಯ ಭಾಗ ಬೇಗ ಮುಗಿದು ಕಥೆ ಸಮುದ್ರಕ್ಕೆ ಇಳಿಯುತ್ತದೆ.

ಇಲ್ಲಿನ ಮಂತ್ರವೆಲ್ಲ ನಿಂತಿರುವುದು ನಿಜ ಹೆಸರಿನ ಮೇಲೆ. ಒಂದು ವಸ್ತುವಿನ, ಪ್ರಾಣಿಯ, ಮನುಷ್ಯನ ನಿಜ ಹೆಸರು ಗೊತ್ತಿದ್ದರೆ ಅದರ ಮೇಲೆ ಹಿಡಿತ ಸಿಗುತ್ತದೆ. ಹಾಗಾಗಿ ಯಾರೂ ತಮ್ಮ ನಿಜ ಹೆಸರನ್ನು ಹೊರಗೆ ಹೇಳುವುದಿಲ್ಲ, ಬಳಕೆಗೆ ಬೇರೆ ಹೆಸರು ಇರುತ್ತದೆ. ಗೆಳೆಯನೊಬ್ಬ ತನ್ನ ನಿಜ ಹೆಸರನ್ನು ಗೆಡ್‌ಗೆ ಹೇಳುವ ಜಾಗ ಬರುತ್ತದೆ. ಅದಕ್ಕಿಂತ ದೊಡ್ಡ ನಂಬಿಕೆ ಆ ಲೋಕದಲ್ಲಿ ಇಲ್ಲ. ಗಂಡನ ಹೆಸರು ಬಾಯಲ್ಲಿ ಹೇಳದ ಅಜ್ಜಿಯರನ್ನು, ಮಗುವಿಗೆ ದೃಷ್ಟಿಯಾಗದಿರಲಿ ಎಂದು ಬೇರೆ ಹೆಸರಿಟ್ಟು ಕರೆಯುವವರನ್ನು ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗೆಡ್‌ನ ಮೈಬಣ್ಣ ಕೆಂಪು ಬೆರೆತ ಕಂದು. ಅವನ ಗೆಳೆಯ ಇನ್ನೂ ಕಪ್ಪು. ಬಿಳಿಯರು ಇರುವುದು ಮುಖ್ಯವಾಗಿ ಪೂರ್ವದ ಕಾರ್ಗ್ ದ್ವೀಪಗಳಲ್ಲಿ, ಮೊದಲು ದಾಳಿಗೆ ಬರುವವರೂ ಅವರೇ. ಲೆ ಗ್ವಿನ್ ಇದನ್ನು ಬೇಕೆಂದೇ ಹೀಗೆ ಬರೆದರು. ಆದರೂ ಎಷ್ಟೋ ವರ್ಷ ಮುಖಪುಟಗಳಲ್ಲಿ ಗೆಡ್ ಬಿಳಿಯನಾಗಿಯೇ ಇದ್ದ. 2004ರ ಟಿವಿ ಸರಣಿಯಲ್ಲೂ ಹಾಗೇ ಆದಾಗ ಅವರು ಅದನ್ನು ಖಂಡಿಸಿ ಬಹಿರಂಗವಾಗಿ ಬರೆದರು. ಇಂಗ್ಲಿಷ್ ಪುಸ್ತಕದ ಮಾಂತ್ರಿಕನೊಬ್ಬ ನಮ್ಮ ಮೈಬಣ್ಣದವನು ಎಂದು ಓದಿದಾಗ ಆಗುವ ಸಂತೋಷ ಸಣ್ಣದಲ್ಲ.

ಎರಡನೆಯದು 'ದಿ ಟೂಂಬ್ಸ್ ಆಫ್ ಅಟುವಾನ್', 1971ರದು. ಇದು ನನಗೆ ಮೊದಲಿನದಕ್ಕಿಂತ ಜಾಸ್ತಿ ಇಷ್ಟ. ಟೆನಾರ್ ಎಂಬ ಪುಟ್ಟ ಹುಡುಗಿಯನ್ನು, ಸತ್ತುಹೋದ ಪೂಜಾರಿಣಿಯೇ ಮತ್ತೆ ಹುಟ್ಟಿದ್ದಾಳೆ ಎಂದು ಮನೆಯಿಂದ ಕರೆದೊಯ್ಯುತ್ತಾರೆ. ಅವಳ ಹೆಸರನ್ನೇ ಕಿತ್ತುಕೊಳ್ಳುತ್ತಾರೆ. ನೆಲದಡಿಯ ಕತ್ತಲ ಸುರಂಗಗಳ ಒಡತಿಯಾಗಿ ಅವಳು ಬೆಳೆಯುತ್ತಾಳೆ. ಅಲ್ಲಿ ದೀಪ ತರುವಂತಿಲ್ಲ, ಗೋಡೆ ಮುಟ್ಟಿಕೊಂಡೇ ದಾರಿ ಕಲಿಯಬೇಕು. ಗೆಡ್ ಬರುವುದು ಅರ್ಧ ದಾಟುವ ಹೊತ್ತಿಗೆ, ಅದೂ ಅವಳ ಕಣ್ಣಿಗೆ ಕಳ್ಳನಾಗಿ. ಮೂರನೆಯದು 1972ರಲ್ಲಿ ಬಂತು. ಆಮೇಲೆ ಲೆ ಗ್ವಿನ್ ಹದಿನೆಂಟು ವರ್ಷ ಬಿಟ್ಟು 1990ರಲ್ಲಿ 'ಟೆಹಾನು' ಬರೆದರು. ಅದರಲ್ಲಿ ಟೆನಾರ್ ನಡುವಯಸ್ಸಿನ ರೈತ ಹೆಂಗಸು, ಗಂಡ ತೀರಿಕೊಂಡಿದ್ದಾನೆ, ಸುಟ್ಟ ಗಾಯದ ಒಂದು ಮಗುವನ್ನು ಸಾಕುತ್ತಿದ್ದಾಳೆ. ಯುದ್ಧವಿಲ್ಲ, ಮಂತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಾಂತ್ರಿಕರೆಲ್ಲ ಗಂಡಸರೇ ಏಕೆ ಎಂದು ತಾನೇ ಕಟ್ಟಿದ ಲೋಕವನ್ನು ಲೇಖಕಿ ಪ್ರಶ್ನಿಸುತ್ತಾರೆ. ಇದನ್ನು ಮೊದಲ ಮೂರು ಓದಿದ ತಕ್ಷಣ ಓದಬೇಡಿ. ಒಂದೆರಡು ವರ್ಷ ಬಿಟ್ಟು ಓದಿ, ಆಗ ಅದರ ಭಾರ ಗೊತ್ತಾಗುತ್ತದೆ. 2001ರಲ್ಲಿ ಇನ್ನೆರಡು ಬಂದು ಒಟ್ಟು ಆರು ಪುಸ್ತಕಗಳಾದವು.

ಇಂಗ್ಲಿಷ್ ಬಗ್ಗೆ ಕೇಳಿದಿರಿ. ಲೆ ಗ್ವಿನ್ ವಾಕ್ಯಗಳು ನೇರ. ಧಾಟಿ ಮಾತ್ರ ಹಿರಿಯರು ಹಳೆಯ ಕಥೆ ಹೇಳುವ ಹಾಗೆ, ಸಂಭಾಷಣೆ ಕಡಿಮೆ. ಮೊದಲ ಎರಡು ಅಧ್ಯಾಯ ಮೆಲ್ಲಗೆ ಓದಿ. ಪುಸ್ತಕದ ಮೊದಲಲ್ಲಿರುವ ನಕ್ಷೆಯ ಒಂದು ಪ್ರತಿ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಗೆಡ್ ದೋಣಿಯಲ್ಲಿ ಎತ್ತ ಹೋದ ಎಂದು ಬೆರಳಿಟ್ಟು ನೋಡುತ್ತ ಓದಿದರೆ ಆ ಸಮುದ್ರ ನಿಮ್ಮದಾಗುತ್ತದೆ.

ನನ್ನ ತಮ್ಮನ ಉತ್ತರ ಬೇರೆ. ಅವನು ಎಲ್ಲರಿಗೂ ಹೇಳುವುದು ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ಮಿಸ್ಟ್‌ಬಾರ್ನ್. ಆಕಾಶದಿಂದ ಸದಾ ಬೂದಿ ಉದುರುವ ರಾಜ್ಯ, ಸಾವಿರ ವರ್ಷದಿಂದ ಒಬ್ಬನೇ ದೊರೆ. ಅವನ ಖಜಾನೆ ದೋಚಿ ಸಾಮ್ರಾಜ್ಯವನ್ನೇ ಉರುಳಿಸಲು ಹೊರಟ ಕಳ್ಳರ ಗುಂಪು, ಅದರಲ್ಲಿ ವಿನ್ ಎಂಬ ಬೀದಿ ಹುಡುಗಿ. ಮಂತ್ರವೆಂದರೆ ಇಲ್ಲಿ ಲೋಹ ನುಂಗಿ ಹೊಟ್ಟೆಯೊಳಗೆ ಉರಿಸುವುದು. ಕಬ್ಬಿಣ ಉರಿಸಿದರೆ ಸುತ್ತಲಿನ ಲೋಹವನ್ನು ಸೆಳೆಯಬಹುದು, ಉಕ್ಕು ಉರಿಸಿದರೆ ತಳ್ಳಬಹುದು. ತವರ ಉರಿಸಿದರೆ ಕಣ್ಣು ಕಿವಿ ಚುರುಕಾಗುತ್ತವೆ. ನೀವು ತಳ್ಳಿದ ವಸ್ತು ನಿಮಗಿಂತ ಭಾರವಾಗಿದ್ದರೆ ಹಿಂದಕ್ಕೆ ಹಾರುವುದು ನೀವೇ. ಇಂಥ ನಿಯಮಗಳನ್ನು ಲೇಖಕರು ಮೊದಲೇ ಹೇಳಿಬಿಡುತ್ತಾರೆ, ಆಮೇಲೆ ಹೊಡೆದಾಟದಲ್ಲಿ ಅವುಗಳನ್ನೇ ಬಳಸುತ್ತಾರೆ. ಓದುವವರೂ ಲೆಕ್ಕ ಹಾಕುತ್ತ ಹೋಗಬಹುದು. ಮೊದಲ ಪುಸ್ತಕ 2006ರಲ್ಲಿ ಬಂತು, ಮೂರನೆಯದು 2008ರಲ್ಲಿ. ಕಥೆ ಅಲ್ಲಿಗೆ ಪೂರ್ತಿ ಮುಗಿಯುತ್ತದೆ. ಮುಂದಿನ ನಾಲ್ಕು ಪುಸ್ತಕಗಳು ಬೇರೆ ಕಾಲದ ಬೇರೆ ಕಥೆ.

ಭಾಷೆಯ ದೃಷ್ಟಿಯಿಂದ ನಿಮಗೆ ಅತಿ ಸುಲಭ ಇದೇ. ಸರಳ ವಾಕ್ಯ, ಮಾತುಕತೆ ಜಾಸ್ತಿ, ಡಿಕ್ಷನರಿ ತೆರೆಯುವ ಕೆಲಸ ಕಡಿಮೆ. ಪುಟ ಜಾಸ್ತಿಯಾದರೂ ಓಟವಿದೆ. ಲೆ ಗ್ವಿನ್ ಅವರ ಒಂದು ವಾಕ್ಯ ನೆನಪಿನಲ್ಲಿ ಉಳಿಯುವ ಹಾಗೆ ಇಲ್ಲಿನ ವಾಕ್ಯ ಉಳಿಯುವುದಿಲ್ಲ, ಇಲ್ಲಿ ಉಳಿಯುವುದು ಘಟನೆಗಳು. ಇಂಗ್ಲಿಷ್ ಓದಿನ ವೇಗ ಹೆಚ್ಚಿಸಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಹೆಸರನ್ನೂ ಕೆಲವರು ಹೇಳಿದರು. 1983ರಿಂದ 2015ರವರೆಗೆ ಬಂದ 41 ಕಾದಂಬರಿಗಳು. ಸಂಖ್ಯೆ ಕೇಳಿ ಗಾಬರಿಯಾಗಬೇಡಿ, ಹೆಚ್ಚಿನವು ಸ್ವತಂತ್ರ ಕಥೆಗಳು. ಭಾರೀ ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ದಿಗ್ಗಜಗಳ ಕಥೆ ಕೇಳಿದ ನಮಗೆ ಅಪರಿಚಿತ ಅಲ್ಲ, ಅಲ್ವಾ? ಆದರೆ ಮೊದಲು ಬಂದ ಪುಸ್ತಕದಿಂದ ಶುರು ಮಾಡಬೇಡಿ. ಅದು ಆ ಕಾಲದ ಫ್ಯಾಂಟಸಿಗಳನ್ನು ತಮಾಷೆ ಮಾಡುವ ಪುಸ್ತಕ, ಆ ಹಳೆಯ ಪುಸ್ತಕಗಳು ಗೊತ್ತಿಲ್ಲದವರಿಗೆ ಅರ್ಧ ರುಚಿ ಸಿಗುವುದಿಲ್ಲ. 1989ರ 'ಗಾರ್ಡ್ಸ್! ಗಾರ್ಡ್ಸ್!' ಹಿಡಿಯಿರಿ. ಯಾರೂ ಲೆಕ್ಕಕ್ಕಿಡದ ರಾತ್ರಿ ಪಹರೆಯವರು, ಕುಡಿತಕ್ಕೆ ಬಿದ್ದ ಅವರ ಕ್ಯಾಪ್ಟನ್ ವೈಮ್ಸ್, ನಗರಕ್ಕೆ ಬಂದ ಒಂದು ಡ್ರ್ಯಾಗನ್.

ವೈಮ್ಸ್ ನನಗೆ ತುಂಬ ಹತ್ತಿರದ ಪಾತ್ರ. 1993ರ 'ಮೆನ್ ಅಟ್ ಆರ್ಮ್ಸ್'ನಲ್ಲಿ ಅವನು ಬೂಟಿನ ಲೆಕ್ಕ ಹಾಕುತ್ತಾನೆ. ಹಣವಿದ್ದವನು 50 ಡಾಲರ್ ಕೊಟ್ಟು ಒಳ್ಳೆ ಬೂಟು ಕೊಂಡರೆ ಹತ್ತು ವರ್ಷ ಬಾಳುತ್ತದೆ. ಬಡವನ ಕೈಯಲ್ಲಿ ಇರುವುದು ಹತ್ತೇ ಡಾಲರ್. ಅವನ ಬೂಟು ಒಂದೆರಡು ಮಳೆಗಾಲಕ್ಕೆ ಸೋರುತ್ತದೆ. ಹತ್ತು ವರ್ಷದಲ್ಲಿ ಅವನು ನೂರು ಡಾಲರ್ ಖರ್ಚು ಮಾಡಿರುತ್ತಾನೆ, ಕಾಲು ಮಾತ್ರ ಇನ್ನೂ ಒದ್ದೆ. ಬಡತನ ಹೇಗೆ ದುಬಾರಿ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಓದಿಲ್ಲ. ನಗಿಸುತ್ತ ನಗಿಸುತ್ತ ಸಿಟ್ಟನ್ನು ಹೇಳುವ ಲೇಖಕ ಅವರು. ತೊಂದರೆ ಒಂದೇ, ಇಂಗ್ಲಿಷ್ ಪದಗಳ ಆಟ ಜಾಸ್ತಿ. ನಿಮಗೆ ಇದು ಮೂರನೆಯ ಅಥವಾ ನಾಲ್ಕನೆಯ ಸರಣಿಯಾಗಲಿ.

ಹುಬ್ಬಳ್ಳಿಯ ಗೆಳತಿಯೊಬ್ಬರು ಲೇಖಕಿ ರಾಬಿನ್ ಹಾಬ್ ಬಿಟ್ಟು ಬೇರೆ ಹೆಸರೇ ಹೇಳುವುದಿಲ್ಲ. ಅವರ ಸರಣಿಯ ಮೊದಲ ಪುಸ್ತಕ 'ಅಸಾಸಿನ್ಸ್ ಅಪ್ರೆಂಟಿಸ್' 1995ರದು. ರಾಜಕುಮಾರನಿಗೆ ಮದುವೆಯಾಚೆ ಹುಟ್ಟಿದ ಹುಡುಗ ಫಿಟ್ಜ್ ತನ್ನ ಕಥೆ ತಾನೇ ಹೇಳುತ್ತಾನೆ. ಕುದುರೆ ಲಾಯದ ಮೇಲ್ವಿಚಾರಕ ಅವನನ್ನು ಸಾಕುತ್ತಾನೆ, ಅರಮನೆ ಅವನನ್ನು ಗುಟ್ಟಾಗಿ ಕೊಲೆಗಾರನನ್ನಾಗಿ ತಯಾರು ಮಾಡುತ್ತದೆ. ಪ್ರಾಣಿಗಳ ಮನಸ್ಸಿನ ಜೊತೆ ಬೆರೆಯುವ ಶಕ್ತಿ ಅವನಿಗಿದೆ, ಆ ಲೋಕದಲ್ಲಿ ಅದು ನಾಚಿಕೆಗೇಡಿನದು. ಎರಡನೆಯ ಪುಸ್ತಕದಲ್ಲಿ ಬರುವ ತೋಳವನ್ನು ಓದಿದವರು ಯಾರೂ ಮರೆಯುವುದಿಲ್ಲ. ಪಾತ್ರಗಳ ಒಳಗನ್ನು ಇಷ್ಟು ಚೆನ್ನಾಗಿ ಬರೆದವರು ಈ ಪ್ರಕಾರದಲ್ಲಿ ಕಡಿಮೆ. ಆದರೆ ನೋವು ಬಹಳ ಇದೆ. ಫಿಟ್ಜ್‌ಗೆ ಒಳ್ಳೆಯದಾಗಲಿ ಎಂದು ಕಾಯುತ್ತ ಪುಸ್ತಕಗಳೇ ಮುಗಿಯುತ್ತವೆ. ಗೆಳತಿ ಹೇಳಿದ್ದು: ಮನಸ್ಸು ಭಾರವಾಗಿರುವ ದಿನಗಳಲ್ಲಿ ಇದನ್ನು ಹಿಡಿಯಬೇಡಿ. ನಾನೂ ಒಪ್ಪುತ್ತೇನೆ.

ಮೈಸೂರಿನ ಮೇಷ್ಟ್ರೊಬ್ಬರು ವೀಲ್ ಆಫ್ ಟೈಮ್ ಹದಿನಾಲ್ಕೂ ಓದಿದವರು. 1990ರಲ್ಲಿ ರಾಬರ್ಟ್ ಜಾರ್ಡನ್ ಶುರು ಮಾಡಿದ ಸರಣಿ. 2007ರಲ್ಲಿ ಅವರು ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಸ್ಯಾಂಡರ್ಸನ್ ಕೊನೆಯ ಮೂರನ್ನು ಬರೆದು 2013ಕ್ಕೆ ಮುಗಿಸಿದರು. ಏಳರಿಂದ ಹತ್ತನೆಯ ಪುಸ್ತಕದವರೆಗೆ ಕಥೆ ಕಾಲೆಳೆಯುತ್ತದೆ ಎಂದು ಮೇಷ್ಟ್ರೇ ಹೇಳುತ್ತಾರೆ. ಕೊನೆಯ ಯುದ್ಧಕ್ಕಾಗಿ ಅದನ್ನು ಸಹಿಸಬಹುದು ಎನ್ನುವುದು ಅವರ ವಾದ. ನಿಮಗೆ ಈಗ ಬೇಡ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸಾಂಗ್ ಆಫ್ ಐಸ್ ಅಂಡ್ ಫೈರ್ ಸರಣಿ ಕೂಡ ಈಗ ಬೇಡ. ಬರವಣಿಗೆ ಅದ್ಭುತ, ಆದರೆ ಐದನೆಯ ಪುಸ್ತಕ ಬಂದದ್ದು 2011ರಲ್ಲಿ, ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ.

ನೀವು ಬಿಟ್ಟ ಲಾರ್ಡ್ ಆಫ್ ದಿ ರಿಂಗ್ಸ್ ಬಗ್ಗೆ ಒಂದು ಮಾತು. ಬರೆದ ಟೋಲ್ಕಿನ್ ಅವರ ಪ್ರಕಾರ ಅದು ಮೂರು ಪುಸ್ತಕವಲ್ಲ, ಒಂದೇ. ಎರಡನೇ ಮಹಾಯುದ್ಧದ ನಂತರದ ಕಾಗದದ ಅಭಾವ, ಖರ್ಚಿನ ಭಯ ಸೇರಿ ಪ್ರಕಾಶಕರು 1954 ಮತ್ತು 1955ರಲ್ಲಿ ಮೂರು ಸಂಪುಟ ಮಾಡಿದರು. ಅಷ್ಟು ದೊಡ್ಡ ಒಂದೇ ಕಥೆಗೆ ಮೊದಲ ನೂರು ಪುಟ ಬರೀ ಅಂಗಳ. ಶುರುವಿನ ಹುಟ್ಟುಹಬ್ಬದ ಊಟಕ್ಕೂ ಕಥಾನಾಯಕ ಫ್ರೋಡೊ ಮನೆ ಬಿಡುವುದಕ್ಕೂ ಕಥೆಯಲ್ಲಿ ಹದಿನೇಳು ವರ್ಷ ಕಳೆಯುತ್ತದೆ, ಸಿನಿಮಾ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ. ಬ್ರೀ ಊರು ತಲುಪಿದ ಮೇಲೆ ಕಥೆಗೆ ಬಿಗಿ ಬರುತ್ತದೆ. ಮತ್ತೆ ಕೈಗೆತ್ತಿಕೊಂಡರೆ ಹಾಡುಗಳನ್ನು ದಾಟಿಸಿ ಅಲ್ಲಿಯವರೆಗೆ ಹೋಗಿ. ಅಥವಾ ಅದಕ್ಕೂ ಮೊದಲು, 1937ರ 'ದಿ ಹಾಬಿಟ್' ಓದಿ. ಮಕ್ಕಳಿಗೆಂದು ಬರೆದದ್ದು, ಭಾಷೆ ಹಗುರ.

ಪುಸ್ತಕ ಕೊಳ್ಳುವ ಮೊದಲು ಅಕ್ಷರದ ಗಾತ್ರ ನೋಡಿ. ಈ ಸರಣಿಗಳ ಅಗ್ಗದ ಪೇಪರ್‌ಬ್ಯಾಕ್‌ಗಳಲ್ಲಿ ಅಕ್ಷರ ತೀರಾ ಸಣ್ಣದು, ನಿಧಾನವಾಗಿ ಓದುವವರಿಗೆ ಅದೇ ಒಂದು ಅಡ್ಡಿ. ಬೆಂಗಳೂರಿಗೆ ಬಂದರೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಹಳೆಯ ಪ್ರತಿಗಳನ್ನು ತಿರುವಿ ನೋಡಿ. ಕಿಂಡಲ್ ಇದ್ದರೆ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ, ಆದರೆ ನಕ್ಷೆ ನೋಡಲು ಕಷ್ಟ.

ಮಗಳಿಗೆ ಪ್ರ್ಯಾಚೆಟ್ ಅವರದೇ ಟಿಫನಿ ಏಕಿಂಗ್ ಕಥೆಗಳು. ಮೊದಲನೆಯದು 2003ರ 'ದಿ ವೀ ಫ್ರೀ ಮೆನ್'. ಕುರಿ ಸಾಕುವ ಮನೆಯ ಒಂಬತ್ತು ವರ್ಷದ ಹುಡುಗಿ, ತಮ್ಮನನ್ನು ಕದ್ದೊಯ್ದ ರಾಣಿಯನ್ನು ಹುಡುಕಿಕೊಂಡು ಬಾಣಲೆ ಹಿಡಿದು ಹೊರಡುತ್ತಾಳೆ. ತೀರಿಹೋದ ಅಜ್ಜಿಯ ನೆನಪು ಕಥೆಯ ತುಂಬ ಇದೆ. ಜೊತೆಗೆ ಬರುವ ಗೇಣುದ್ದದ ನೀಲಿ ಮನುಷ್ಯರು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಮಾತಾಡುತ್ತಾರೆ. ಕಣ್ಣಲ್ಲಿ ಓದಿದರೆ ಅರ್ಥವಾಗುವುದು ಕಷ್ಟ. ನೀವಿಬ್ಬರೂ ಗಟ್ಟಿಯಾಗಿ ಓದಿ ನೋಡಿ, ಸುಮ್ನೆ ಬಾಯಲ್ಲಿ ಆಡಿದರೆ ತಾನೇ ಬಿಡಿಸಿಕೊಳ್ಳುತ್ತದೆ. ಒಟ್ಟು ಐದು ಪುಸ್ತಕ, ಟಿಫನಿಯೂ ಪುಸ್ತಕದಿಂದ ಪುಸ್ತಕಕ್ಕೆ ದೊಡ್ಡವಳಾಗುತ್ತಾಳೆ. ಮೊದಲ ಮೂರನ್ನು ಈಗಲೇ ಕೊಡಿ. ನಾಲ್ಕನೆಯದರಲ್ಲಿ ಒಬ್ಬ ಅಪ್ಪ ಮಗಳನ್ನು ಕ್ರೂರವಾಗಿ ಹೊಡೆದ ಘಟನೆ ಶುರುವಿನಲ್ಲೇ ಬರುತ್ತದೆ. ಅದನ್ನು ಮೊದಲು ನೀವು ಓದಿ, ಯಾವಾಗ ಕೊಡಬೇಕೆಂದು ನೀವೇ ತೀರ್ಮಾನಿಸಿ.