ಅಪ್‌ಡೇಟ್: 24ಕ್ಕೇ ಹಣೆ ದೊಡ್ಡದಾಗ್ತಿದೆ ಎಂದಿದ್ದೆನಲ್ಲ

24ನೇ ವಯಸ್ಸಿಗೇ ಕೂದಲು ಉದುರಿ ಹಣೆ ದೊಡ್ಡದಾಗ್ತಿದೆ, ಮಿನಾಕ್ಸಿಡಿಲ್ (ಕೂದಲು ಬೆಳೆಯಲು ನೆತ್ತಿಗೆ ಹಚ್ಚುವ ಔಷಧ) ಹಚ್ಚಲಾ, ಮಾತ್ರೆ ತಗೊಳ್ಳಲಾ, ಸುಮ್ನೆ ಬೋಳಿಸಿಬಿಡಲಾ ಎಂದು ಇಲ್ಲಿ ಕೇಳಿದ್ದೆ. "ಮೊದಲು ಚರ್ಮದ ಡಾಕ್ಟರಿಗೆ ತೋರಿಸು" ಎಂದವರ ಮಾತೇ ಕೆಲಸಕ್ಕೆ ಬಂತು. ಮಂಗಳೂರಲ್ಲೇ ತೋರಿಸಿದೆ. ಡಾಕ್ಟರು ಸಣ್ಣ ಲೆನ್ಸ್ ಇಟ್ಟು ನೆತ್ತಿ ನೋಡಿ, ಪರದೆಯಲ್ಲಿ ನನಗೂ ತೋರಿಸಿದರು. ದಪ್ಪ ಕೂದಲ ನಡುವೆ ನೂಲಿನಂಥ ತೆಳು ಎಳೆಗಳು. ವಂಶದಿಂದ ಬರುವ ಉದುರುವಿಕೆಯ ಗುರುತಂತೆ. ಥೈರಾಯ್ಡ್, ಕಬ್ಬಿಣದಂಶ ಎಲ್ಲ ಸರಿಯಿದೆ.

ಬೋರ್‌ವೆಲ್ ನೀರಲ್ಲಿ ಮೀಯೋದು ಬಿಡು ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದಿರಿ. ಬಾವಿ ನೀರಲ್ಲಿ ಮಿಂದರೂ ಉದುರುವುದು ಅಷ್ಟೇ. ಅಮ್ಮನ ದಾಸವಾಳದ ಎಣ್ಣೆಯಿಂದ ತಲೆ ತಂಪಾಯಿತು, ದಿಂಬು ಜಿಡ್ಡಾಯಿತು.

ಈಗ 5% ಮಿನಾಕ್ಸಿಡಿಲ್ ಶುರು. ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರಬಹುದು, ಫಲ ಕಾಣಲು 4ರಿಂದ 6 ತಿಂಗಳು ಬೇಕು, ನಿಲ್ಲಿಸಿದರೆ ಮತ್ತೆ ಹಳೇ ಕಥೆ ಎಂದರು. ಉದುರುವುದನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆ ಸದ್ಯಕ್ಕೆ ಬೇಡ ಎಂದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದುಂಟಂತೆ, ಮದುವೆ ಮಾತು ನಡೆಯುತ್ತಿರುವಾಗ ಯಾಕೆ ಅಲ್ವಾ?

ಗೊತ್ತೇ ಇರದ ವಿಷಯ: ಮಿನಾಕ್ಸಿಡಿಲ್ ಮೊದಲು ಬಂದದ್ದು ಬಿಪಿಯ ಔಷಧವಾಗಿ. ಇನ್ನೊಂದು, ಬೆಕ್ಕಿಗೆ ಅದು ವಿಷ, ಸ್ವಲ್ಪ ನೆಕ್ಕಿದರೂ ಅಪಾಯ. ನಮ್ಮ ಮನೆಯ ಪುಚ್ಚೆಗೆ ನನ್ನ ಹಾಸಿಗೆಯೇ ಬೇಕು. ಹಾಗಾಗಿ ಈಗ ಕೋಣೆಗೆ ಚಿಲಕ, ಹಚ್ಚಿದ ಮೇಲೆ ಕೈಗೆ ಸೋಪು. ಬೆಕ್ಕು ಸಾಕಿದವರು ನೋಡಿಕೊಳ್ಳಿ.