ಎರವಲು ಹೊಲದಾಗ ಕುರಿ ಸಾಕಾಣಿಕೆ: ಕರೆಂಟಿಲ್ಲ, ಬೋರಿಲ್ಲ, ಅನುಭವ ಇದ್ದವರು ಹೇಳ್ರಿ

ಯಲಬುರ್ಗಾದಿಂದ ಪ್ರಶ್ನೆ: ನಾವು ಐದು ಮಂದಿ ಹುಡುಗರು, ಪಿಯುಸಿ ಮುಗಿಸೇವಿ. 25 ಕೆಂಗುರಿ ಮರಿ ತರಬೇಕಂತೇವಿ. ಊರಿನ ಹಿರಿಯರೊಬ್ಬರು ಎರಡೆಕರೆ ಎರಿ (ಕಪ್ಪು ಮಣ್ಣಿನ) ಹೊಲ ವರ್ಷದ ಮಟ್ಟಿಗೆ ಸುಮ್ಮನ ಕೊಟ್ಟಾರ. ಏನೇನು ತಯಾರಿ ಬೇಕು? (ಉತ್ತರ ಕೊಟ್ಟವರ ಹೆಸರಿನ ಬದಲು ಅವರವರ ಊರು ಐತಿ.)

ಕುಷ್ಟಗಿ: ಮೊದಲು ನೀರಿನ ಲೆಕ್ಕ. ಬ್ಯಾಸಿಗ್ಯಾಗ ಬೆಳೆದ ಕುರಿಗೆ ದಿನಕ್ಕ 6 ಲೀಟರ್ ಹಿಡೀರಿ. 25ಕ್ಕ 150, ತಿಂಗಳಿಗೆ 4,500. ಒಣ ಹೊಟ್ಟು ಹಾಕಿದ್ರ ಇನ್ನೂ ಕುಡೀತಾವು. 200 ಲೀಟರ್ ಡ್ರಮ್ ತುಂಬಿದ್ರ ಎರಡು ಕ್ವಿಂಟಲ್ ಭಾರ, ಬೈಕಿಗೆ ಆಗಂಗಿಲ್ಲ, ಟಂಟಂ (ಗೂಡ್ಸ್ ಆಟೋ) ಬೇಕು. ನಾವು ಸಾವಿರದಂಗ ಮೂರು ಹಳೇ ಡ್ರಮ್ ತಂದ್ವಿ. ಒಂದರಾಗ ಬೆಳಿಗೆ ಹೊಡಿಯೋ ಎಣ್ಣಿ (ಕೀಟನಾಶಕ) ತುಂಬಿದ್ರಂತ ಆಮ್ಯಾಲ ತಿಳೀತು, ಒಗದ್ವಿ. ಉಳಿದದ್ರಾಗ ಒಂದನ್ನ ಉದ್ದಕ್ಕ ಸೀಳಿದ್ರ ಕುಡಿಯೋಕ ಎರಡು ದೋಣಿ. ಅಂಚಿಗೆ ಸೈಕಲ್ಲಿನ ಹಳೇ ಟ್ಯೂಬ್ ಹೊದಿಸ್ರಿ, ಇಲ್ಲಾಂದ್ರ ಗದ್ದ ಕೊಯ್ಕೋತಾವು. ಬಿಸಿಲಿಗೆ ಇಟ್ಟ ನೀರು ಮೂಸಿ ಬಿಡ್ತಾವು, ಬೇವಿನ ನೆರಳಾಗ ಇಡ್ರಿ.

ಸಿಂಧನೂರು: ಕಾಲುವಿ ನೀರು ಪುಕ್ಕಟೆ ಅಂತ ನಂಬಬ್ಯಾಡ್ರಿ. ಗದ್ದಿ ಬದುವಿನ ತೇವದ ಹುಲ್ಲಿನಾಗ ಬಸವನಹುಳದಿಂದ ಲಿವರ್ ಹುಳ ಬರತೈತಿ. ಗದ್ದದ ಕೆಳಗ ಬಾವು, ಕಣ್ಣಿನ ಒಳರೆಪ್ಪಿ ಬಿಳಿಚು. ಸಾದಾ ಜಂತಿನ ಔಷಧಿ ಕುಡಿಸ್ಕೋತ ಕುಂತ್ವಿ, 9 ಮರಿ ಹೋದವು, ಒಂದಕ್ಕ 7,000 ಅಂದ್ರೂ 63,000. ಇದಕ್ಕ ಟ್ರೈಕ್ಲಾಬೆಂಡಜೋಲ್‌ದಂಥ ಬ್ಯಾರೆ ಔಷಧಿ, ಡಾಕ್ಟರು ತೂಕ ನೋಡಿ ಕೊಡಬೇಕು.

ಕುಷ್ಟಗಿ: ಯಲಬುರ್ಗಾದ ಎರಿ ಹೊಲಕ್ಕ ಕಾಲುವಿ ಎಲ್ಲಿಂದ ತಂದ್ರಿ? ಕೇಳಿದ್ದಕ್ಕ ಹೇಳ್ರಿ.

ಸಿಂಧನೂರು: ಬ್ಯಾಸಿಗ್ಯಾಗ ಮೇವಿಲ್ಲದಾಗ ನಿಮ್ಮ ಕಡಿ ಕುರಿ ಗದ್ದಿಗೇ ಬರ್ತಾವಲ್ರಿ! 9 ಮರಿ ನಾವು ಹೂತೇವಿ, ನೀವಲ್ಲ.

ಲಿಂಗಸುಗೂರು: ಜಗಳ ಆಮ್ಯಾಲ. ಫ್ರಿಜ್ ಇಲ್ಲದ ಕಡೆ ಲಸಿಕಿ ಸೀಸೆ ತಂದಿಡಬ್ಯಾಡ್ರಿ. ಪಿಪಿಆರ್ (ಕುರಿ-ಆಡಿನ ಪ್ಲೇಗ್) ಲಸಿಕಿಗೆ 2ರಿಂದ 8 ಡಿಗ್ರಿ ಬೇಕು. ಐಸ್ ಹಾಕಿದ ಥರ್ಮಾಸಿನಾಗ ತಂದು, ದ್ರಾವಣದಾಗ ಕಲಸಿದ ಮ್ಯಾಲ ಎರಡು ತಾಸಿನೊಳಗ ಮುಗಿಸ್ರಿ, ಒಂದಕ್ಕ 1 ಮಿ.ಲೀ., ಚರ್ಮದ ಕೆಳಗ. ಒಂದು ಸೀಸ್ಯಾಗ 25ಕ್ಕಿಂತ ಭಾಳ ಡೋಸ್ ಇದ್ರ ಬಾಜೂಕಿನ ಕುರುಬರ ಹಿಂಡನ್ನೂ ಅವತ್ತೇ ಕರಸ್ರಿ. ಕರುಳು ಬ್ಯಾನಿ ಲಸಿಕಿ ಮಳಿಗಿಂತ ಮುಂಚೆ. ಮೊದಲ ಸಲ ಆದ್ರ ಎರಡು ಮೂರು ವಾರ ಬಿಟ್ಟು ಇನ್ನೊಂದು. ಈ ಎರಡನೇದು ಮರೆತವರೇ ಜಾಸ್ತಿ.

ಗಂಗಾವತಿ: ಎರಿ ಹೊಲ ಅಂದ್ರಿ, ಮಳಿಗಾಲದ ಬಗ್ಗೆ ಒಬ್ಬರೂ ಮಾತಾಡಲಿಲ್ಲ! ರಾಡಿಯೊಳಗ ನಿಂತ್ರ ಗೊರಸು ಕೊಳೀತಾವು. ಒಂದಕ್ಕ 12 ಚದರಡಿಯಂಗ 300 ಚದರಡಿ ಜಾಗಕ್ಕ ಅರ್ಧ ಅಡಿ ಗರಸು (ಮೊರಂ) ಹಾಕಬೇಕು, ಅಂದ್ರ 150 ಘನ ಅಡಿ. ನಾವು ಎರಡು ಟ್ರ್ಯಾಲಿ ಹಾಕಿದ್ವಿ, 3,600 ಆತು. ಹೊಲದವರು ‘ಎರಿ ಕೆಡಿಸಿದ್ರಿ’ ಅಂದ್ರು, ತೆಗೆಸಾಕ ಮತ್ತ 2,800. ಗರಸು ಹಾಕೋದು, ಗೊಬ್ಬರ ಯಾರಿಗೆ, ಹೊಲ ಬಿಡೋ ತಾರೀಖು, ಮೂರೂ ಬಾಂಡ್‌ನಾಗ ಬರಸ್ರಿ. ತೋಳದ ಭಯ ಐತಿ, ಕುರಿ ಕೂಡಿಹಾಕೋ ಬಲೆಯ ಬುಡ ಹೊರಗ ಒಂದಡಿ ಮಡಚಿ ಕಲ್ಲು ಹೇರ್ರಿ.

ಲಿಂಗಸುಗೂರು: ಸುಮ್ಮನ ಹೊಲ ಕೊಟ್ಟವರಿಗೆ ಗೊಬ್ಬರ ಬಿಡೋದು ಧರ್ಮ. ಅದಕ್ಕೂ ಬಾಂಡ್ ಏನ್ರಿ?

ಗಂಗಾವತಿ: ಸುಮ್ಮನ ಎಲ್ಲಿಂದ ಬಂತು? ನಮ್ಮ ಕಡೆ ಹೊಲದಾಗ ಕುರಿ ತರುಬಿದ್ರ (ಗೊಬ್ಬರ ಬೀಳಲಿ ಅಂತ ರಾತ್ರಿ ಕೂಡಿಹಾಕಿದ್ರ) ರೈತರೇ ಕುರುಬರಿಗೆ ದುಡ್ಡೋ ಕಾಳೋ ಕೊಡ್ತಾರ. ಮಳಿ ಇಲ್ಲದಾಗ ಮೂರು ದಿನಕ್ಕೊಮ್ಮೆ ಬಲೆ ಸರಿಸಿ ಹೊಲ ತರುಬಿದ್ರ ಬಾಡಿಗಿ ಮುಟ್ಟಿದಂಗ. ಉಳಿದ ಗೊಬ್ಬರ ಹುಡುಗರು ಯಾಕ ಬಿಡಬೇಕು?

ಲಿಂಗಸುಗೂರು: ಹಿಂಗ ಲೆಕ್ಕ ಹಾಕಿದ್ರ ಮುಂದಿನ ವರ್ಷ ಯಾವ ಹಿರಿಯರೂ ಹೊಲ ಕೊಡಂಗಿಲ್ಲ.

ಗಂಗಾವತಿ: ತೆಗೆಸಿದ 2,800 ಕೊಡ್ರಿ, ಆಮ್ಯಾಲ ಧರ್ಮದ ಮಾತಾಡೋಣ.