ಗದ್ದೆಗೆ ಮರಗೆಣಸು ಹಾಕೋ ವಿಚಾರ

ಮಗಾ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದು ಓದಿದೆ. ಶುಂಠಿ ಬೆಳೆಯೋಕೆ ಬಂದವರು ಬಿಟ್ಟುಹೋದ ಗದ್ದೆ ಸುಮ್ನೆ ಬಿದ್ದಿದೆ, ಬೆಂಗಳೂರಲ್ಲಿ ಈಗ ಎಲ್ಲರೂ ಗಡ್ಡೆ-ಗೆಣಸು ಅಂತಿದ್ದಾರೆ, ಪೂರ್ತಿ ಮರಗೆಣಸು ಹಾಕಿಬಿಡೋಣ್ವಾ ಅಂತ ಕೇಳಿದ್ದೀಯ. ನಿನ್ನ ಮಾವ ಹೆಬ್ಬೆರಳು ಒತ್ತಿ ಸುಮ್ಮನಾದರು. ನನಗೆ ಅಷ್ಟಕ್ಕೇ ಮುಗಿಸೋಕೆ ಆಗಲ್ಲ. ಆಡಿಯೋ ಕಳಿಸಿದರೆ ಇಲ್ಲಿನ ನೆಟ್‌ವರ್ಕಿಗೆ ಅರ್ಧದಲ್ಲೇ ನಿಲ್ಲುತ್ತದೆ. ಅದಕ್ಕೆ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಉದ್ದ ಆಯ್ತು ಅಂತ ಬೈಬೇಡಿ.

ಗದ್ದೆಗೆ ಮರಗೆಣಸು ಬೇಡ. ಬುಡದಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ. ನಮ್ಮ ಕೊಡಗಿನ ಗದ್ದೆ ಮಳೆಗಾಲ ಪೂರ್ತಿ ಮೊಣಕಾಲು ಹೂಳುವ ಜಾಗ. ಸಾಮಾನ್ಯ ತಳಿ 8ರಿಂದ 10 ತಿಂಗಳು ನೆಲದಲ್ಲಿರಬೇಕು. ಯಾವಾಗ ನೆಟ್ಟರೂ ಮಳೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೇರಳದವರು ಭತ್ತ ಕೊಯ್ದ ಗದ್ದೆಗೆ ಹಾಕ್ತಾರಲ್ಲ ಅಂತ ನೀನು ಕೇಳಬಹುದು. ಅವರು ಹಾಕೋದು ಶ್ರೀ ಜಯ, ಶ್ರೀ ವಿಜಯ ಥರದ 6-7 ತಿಂಗಳ ತಳಿ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಗಡ್ಡೆ ಬೆಳೆಗಳಿಗೆಂದೇ 1963ರಲ್ಲಿ ಶುರುವಾದ ಕೇಂದ್ರ ಸಂಶೋಧನಾ ಸಂಸ್ಥೆ ಇದೆ, ಅಲ್ಲಿಂದ ಬಂದ ತಳಿಗಳು. ನಮ್ಮಲ್ಲಿ ಕೊಯ್ಲು, ಒಕ್ಕಣೆ ಮುಗಿಯೋದೇ ಜನವರಿಗೆ. ಜೂನ್ ಮಳೆ ಹಿಡಿಯುವ ಮೊದಲು ಕೀಳಬೇಕು. ತಿಂಗಳು ಎಣಿಸಿ ನೋಡು, ಹೊಂದುತ್ತದಾ?

ಕಿತ್ತ ಮೇಲೂ ತಲೆನೋವು. ಎರಡು-ಮೂರು ದಿನಕ್ಕೇ ಒಳಗೆ ನೀಲಿ ಗೆರೆ ಬೀಳುತ್ತದೆ. ಮುರಿದು ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಅದನ್ನು ಯಾರೂ ಕೊಳ್ಳಲ್ಲ. ಸೇಲಂ ಕಡೆಯಾದರೆ ಸಬ್ಬಕ್ಕಿ ಫ್ಯಾಕ್ಟರಿಗಳು ಲೋಡುಗಟ್ಟಲೆ ತೆಗೆದುಕೊಳ್ಳುತ್ತವೆ. ಇಲ್ಲಿ ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ ನಾಲ್ಕು ಗುಡ್ಡೆ ಹಾಕಿ ಕೂತರೆ ಎಷ್ಟು ಹೋದೀತು?

ಕೇರಳದ ಜನ ಕಪ್ಪ, ಅಂದರೆ ಇದೇ ಮರಗೆಣಸು, ತಿಂದೇ ಬದುಕಿದರು ಅಂತ ಬರೆದಿದ್ದೀಯ. ನಿಜವೇ. ತಿರುವಾಂಕೂರಿನ ರಾಜ ವಿಶಾಖಂ ತಿರುನಾಳ್ 1880ರ ದಶಕದಲ್ಲಿ ಅದನ್ನು ಜನರ ಹಿತ್ತಲಿಗೆ ತಲುಪಿಸಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಹೊಟ್ಟೆ ತುಂಬಿಸಿದ್ದು ಅದೇ. 1970ರ ದಶಕದ ಮಧ್ಯದಲ್ಲಿ ಅಲ್ಲಿ 3 ಲಕ್ಷ ಹೆಕ್ಟೇರಿಗಿಂತ ಜಾಸ್ತಿ ಮರಗೆಣಸಿತ್ತು. ಈಗ ಅದರ ಕಾಲು ಭಾಗವೂ ಉಳಿದಿಲ್ಲ. ರೇಷನ್ ಅಕ್ಕಿ ಬಂತು, ರಬ್ಬರ್ ಬಂತು. ಹಸಿವಿಗೆ ಅಂತ ಬೆಳೆದದ್ದು ಹಸಿವು ಹೋದ ಮೇಲೆ ಜಾಗ ಬಿಟ್ಟುಕೊಡಬೇಕಾಯಿತು. ಈಗ ಅಲ್ಲಿ ಕಪ್ಪ-ಮೀನು ಹೋಟೆಲಿನ ಸ್ಪೆಷಲ್.

ನಮ್ಮಲ್ಲಿ ಇನ್ನೂ ವಿಚಿತ್ರ. ಗಡ್ಡೆಯನ್ನು ಗಡ್ಡೆಯೇ ಓಡಿಸಿತು. ಶುಂಠಿಯೂ ಮಣ್ಣೊಳಗಿನದೇ, ಆದರೆ ಅದನ್ನು ಬೇಯಿಸಿ ಊಟ ಮಾಡೋಕಾಗುತ್ತದಾ? 2023ರಲ್ಲಿ 60 ಕೆಜಿ ಮೂಟೆಗೆ ಹತ್ತು ಸಾವಿರ ದಾಟಿದಾಗ ಊರಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಆಮೇಲೆ ರೇಟು ಬಿದ್ದಾಗಲೂ ಬರಲಿಲ್ಲ, ಅದು ಬೇರೆ ಮಾತು. ಕೊಳೆರೋಗ ಮಣ್ಣಲ್ಲೇ ಉಳಿಯುತ್ತದೆ, ಅದಕ್ಕೇ ಶುಂಠಿ ಬೆಳೆಯುವವರು ಒಂದೇ ಗದ್ದೆಯಲ್ಲಿ ಮತ್ತೆ ಹಾಕದೆ ಹೊಸ ಗದ್ದೆ ಹುಡುಕಿಕೊಂಡು ಹೋಗುತ್ತಾರೆ. ನಮಗೆ ಉಳಿಯೋದು ಔಷಧಿ ಕುಡಿದ ಮಣ್ಣು. ಅಂಥ ಮಣ್ಣಲ್ಲಿ ತಕ್ಷಣ ಇನ್ನೊಂದು ಗಡ್ಡೆ ಹಾಕೋ ಯೋಚನೆಯೇ ನನಗೆ ಹಿಡಿಸಲಿಲ್ಲ. ಒಂದು ವರ್ಷ ಭತ್ತವೋ, ಹಸಿರೆಲೆ ಗೊಬ್ಬರಕ್ಕೆ ಸೆಣಬೋ ಬೆಳೆಯಲಿ.

ಆಲೂಗಡ್ಡೆಯೂ ಹೀಗೇ ದೂರ ಹೋಯಿತು. ಹಾಸನ, ಅರಕಲಗೂಡು ಕಡೆಯ ಮಳೆಗಾಲದ ಆಲೂಗಡ್ಡೆ ನಮ್ಮ ಸಂತೆಗಳಿಗೆ ಹತ್ತಿರದ್ದಾಗಿತ್ತು. ಬಿತ್ತನೆ ಗಡ್ಡೆ ಪಂಜಾಬಿನಿಂದ ಬರಬೇಕು, ಬಂದದ್ದಕ್ಕೆ ಅಂಗಮಾರಿ ರೋಗ ಬಡಿಯುತ್ತದೆ. ಬಹಳ ಜನ ಮುಸುಕಿನ ಜೋಳಕ್ಕೋ ಶುಂಠಿಗೋ ತಿರುಗಿದರು. ಕೊಡಗಿನ ಅಡುಗೆಮನೆಯಲ್ಲಿ ದಿನಾ ಬೇಯುವ ಗಡ್ಡೆ ಅಂದರೆ ಇವತ್ತು ಆಲೂಗಡ್ಡೆಯೇ. ಅದು ಲಾರಿಯಲ್ಲಿ ಬರುತ್ತದೆ. ಗುಡ್ಡ ಜರಿದು ರಸ್ತೆ ಮುಚ್ಚಿದ 2018ರ ಆಗಸ್ಟ್ ನೆನಪಿದೆ ಅಲ್ವಾ?

ಇನ್ನು ಹಂದಿ. ನೀನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕಾಡುಹಂದಿಗೆ ಮರಗೆಣಸು, ಸಿಹಿಗೆಣಸು ಅಂದರೆ ಪ್ರಾಣ. ರಾತ್ರಿ ಒಂದು ಹಿಂಡು ನುಗ್ಗಿದರೆ ಬೆಳಗ್ಗೆ ಪಾತಿ ಟಿಲ್ಲರ್ ಹೊಡೆದ ಹಾಗಿರುತ್ತದೆ. ತಿಂದದ್ದಕ್ಕಿಂತ ಕಚ್ಚಿ ಬಿಟ್ಟದ್ದೇ ಜಾಸ್ತಿ. ಮುಳ್ಳುಹಂದಿ ಸದ್ದಿಲ್ಲದೆ ಬುಡಕ್ಕೇ ಬಾಯಿ ಹಾಕುತ್ತದೆ. ನಮ್ಮ ಸುತ್ತಿನ ಹಿತ್ತಲುಗಳಲ್ಲಿ ಗೆಣಸು ಬೆಳೆಯೋದು ನಿಂತದ್ದಕ್ಕೆ ಜನರಿಗೆ ರುಚಿ ಬದಲಾದದ್ದು ಎಷ್ಟು ಕಾರಣವೋ, ಈ ಹಂದಿಯೂ ಅಷ್ಟೇ ಕಾರಣ ಅಂತ ನನ್ನ ಅಭಿಪ್ರಾಯ. ನಿನ್ನ ಮಾವ ಒಪ್ಪಲ್ಲ, ಸೋಮಾರಿತನ ಅಂತಾರೆ.

ಹಾಗಾದರೆ ಏನೂ ಬೇಡವಾ? ಬೇಕು. ಆದರೆ ಗದ್ದೆಯಲ್ಲಲ್ಲ, ತೋಟದ ಅಂಚಿನಲ್ಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಬೇಯಿಸುತ್ತೇವಲ್ಲ, ಆ ಬಳ್ಳಿ ಗೆಣಸು. ಒಳಗೆ ನೇರಳೆ ಬಣ್ಣದ್ದು, ಜೇನು ಹಾಕಿಕೊಂಡು ತಿನ್ನೋದು. ಈಗ ಅದನ್ನೂ ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತರುತ್ತಾರೆ. ಕಾಫಿ ತೋಟ ಇಟ್ಟುಕೊಂಡು! ಅದಕ್ಕೆ ಬೇರೆ ಜಾಗವೇ ಬೇಡ. ಏಪ್ರಿಲ್-ಮೇ ಮಳೆಗೆ ತೋಟದ ನೆರಳಿನ ಹಾಲುವಾಣ ಮರದ ಬುಡದಲ್ಲಿ ಗುಂಡಿ ತೋಡಿ, ಸಗಣಿ ಗೊಬ್ಬರ, ಒಣಗಿದೆಲೆ ತುಂಬಿ ತುಂಡು ಇಟ್ಟರೆ ಬಳ್ಳಿ ತಾನೇ ಮರ ಹತ್ತುತ್ತದೆ. ನವೆಂಬರ್ ಹೊತ್ತಿಗೆ ಎಲೆ ಹಳದಿಯಾಗಿ ಬಳ್ಳಿ ಒಣಗುತ್ತದೆ, ಹುತ್ತರಿಗೆ ಸರಿಯಾಗಿ ಗೆಣಸು ಬಲಿತಿರುತ್ತದೆ. ಬುಡ ಕಲ್ಲಿನ ಸಂದಿಯಲ್ಲಿದ್ದರೆ ಹಂದಿಗೆ ಅಷ್ಟು ಸುಲಭ ಅಲ್ಲ.

ಅಗೆಯುವಾಗ ಹಾರೆಯನ್ನು ಬಳ್ಳಿಯಿಂದ ಒಂದು ಗೇಣು ದೂರ ಹಾಕಬೇಕು. ಮಣ್ಣನ್ನು ಕೈಯಲ್ಲೇ ಬಿಡಿಸುತ್ತಾ ಹೋಗಬೇಕು. ಗೆಣಸು ತೆಗೆದು, ಬಳ್ಳಿ ಅಂಟಿದ ತಲೆಯನ್ನು ಕತ್ತರಿಸಿ ಅದೇ ಗುಂಡಿಗೆ ಇಟ್ಟು ಮುಚ್ಚಬೇಕು. ನಾಗರಹೊಳೆ ಕಾಡಿನ ಅಂಚಿನ ಹಾಡಿಗಳಲ್ಲಿರುವ ಆದಿವಾಸಿ ಜೇನುಕುರುಬರು ನೂರೆ ಅನ್ನೋ ಕಾಡುಗೆಣಸು ಅಗೆಯೋದು ಹೀಗೇ. ಅದೇ ಜಾಗದಲ್ಲಿ ಮತ್ತೆ ಬೆಳೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಅಂತ ಹೇಳುವಾಗ ಜೇನಿನ ಜೊತೆ ಬೇರು, ಗಡ್ಡೆಯನ್ನೂ ಹೆಸರಿಟ್ಟೇ ಸೇರಿಸಿದ್ದಾರೆ. ಕಾನೂನು ಬರೆದವರಿಗೂ ಅದು ಊಟ ಅಂತ ಗೊತ್ತಿತ್ತು. ತೋಟದವರಾದ ನಾವೇ ಮರೆತದ್ದು.

ಜೊತೆಗೆ ಸುವರ್ಣಗಡ್ಡೆ. ಗಜೇಂದ್ರ ಅನ್ನೋ ತಳಿ ಅಷ್ಟು ತುರಿಸಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಅರ್ಧ ಕೆಜಿಯಿಂದ ಒಂದು ಕೆಜಿ ತುಂಡು ನೆಟ್ಟರೆ ವರ್ಷದ ಕೊನೆಗೆ ಕೀಳಬಹುದು. ಅಟ್ಟದಲ್ಲಿ ಒಣಗಿರುವ ಕಡೆ ಇಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ನನಗೆ ಇದೇ ದೊಡ್ಡ ಗುಣ, ರೇಟಿಲ್ಲದಿದ್ದರೆ ಕಾಯಬಹುದು. ಮೈಸೂರಿನ ಗಡ್ಡೆ-ಗೆಣಸು ಮೇಳಕ್ಕೆ ಒಯ್ಯೋದಾದರೂ ಇದನ್ನೇ ಒಯ್ಯಿ.

ಸಿಹಿಗೆಣಸು ಬೇಕು ಅಂದರೆ ಕುಶಾಲನಗರದ ಭಾವನ ಹೊಲವೇ ಸರಿ. ಅಲ್ಲಿ ಮಳೆ ಕಮ್ಮಿ, ನೆಲ ಸಡಿಲ. ಭಾವ, ನೀವು ಓದಿಯೂ ಸುಮ್ಮನಿದ್ದೀರಿ, ನೀಲಿ ಟಿಕ್ ಕಾಣುತ್ತಿದೆ!

ಬಳ್ಳಿ ಗೆಣಸಿನ ತಲೆಗಳನ್ನು ನಾನು ಬೂದಿ ಸವರಿ ಇಟ್ಟಿದ್ದೇನೆ. ಯಾರ್ಯಾರಿಗೆ ಬೇಕು ಇಲ್ಲೇ ಹೇಳಿ, ಏಪ್ರಿಲ್ ಒಳಗೆ ಬಂದು ತೆಗೆದುಕೊಂಡು ಹೋಗಿ. ಕೊರಿಯರ್ ಮಾಡು ಅಂತ ಮಾತ್ರ ಹೇಳಬೇಡಿ. ಮಗಾ, ಇಷ್ಟಾದ ಮೇಲೂ ನಿನಗೆ ಮರಗೆಣಸೇ ಬೇಕು ಅಂದರೆ ಮನೆ ಹಿಂದಿನ ಬಾಣೆಯಲ್ಲಿ, ಆ ಎತ್ತರದ ಜಾಗದಲ್ಲಿ, ಒಂದು ಮೂಲೆ ಕೊಡುತ್ತೇನೆ. ಸೋಲಾರ್ ಬೇಲಿಗೆ ಎಷ್ಟಾಗುತ್ತದೆ ಅಂತ ಮೊದಲು ವಿಚಾರಿಸಿ ಹೇಳು.